ಗೇಟಿನಿಂದ ಬಾವುಟದ ಕಂಬದವರೆಗೆ

ಕುಂದಾಪುರದ ಕೋರ್ಟಿನ ಸುತ್ತಮುತ್ತ ಸುಧಾಕರರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಸುಬೇದಾರ್ ವಕೀಲರು ಎಂದರೆ ಸಾಕು, ಕ್ಯಾಂಟೀನಿನವನೂ ಬೆರಳು ಮಾಡಿ ತೋರಿಸುತ್ತಿದ್ದ. ಅರ್ಧ ಆಯುಷ್ಯ ಸೈನ್ಯದಲ್ಲಿ, ಉಳಿದರ್ಧ ಕರಿ ಕೋಟಿನಲ್ಲಿ. ಎರಡೂ ಕಡೆ ಅವರು ಕಲಿತದ್ದು ಒಂದೇ ಪಾಠ: ಆದೇಶವೆಂದರೆ ಆದೇಶ, ಬರೆದದ್ದೆಂದರೆ ಬರೆದದ್ದು. ಇಂಥ ಮನುಷ್ಯನ ಹೆಂಡತಿ ಎಷ್ಟು ಸುಖಪಟ್ಟಾಳು ಎಂದು ಕೇಳಲು ಹೋಗಬೇಡಿ. ಪ್ರಫುಲ್ಲಾ ಇಷ್ಟು ವರ್ಷ ಅವರ ಜೊತೆ ಬಾಳಿದ್ದಾರೆ, ಅದಕ್ಕೆ ಯಾವ ಸರಕಾರವೂ ಪದಕ ಕೊಡಲಿಲ್ಲ.

ಯಡ್ತರೆಯ ಗುಡ್ಡೆಯ ಮೇಲಿನ ಸೈನಿಕರ ಮನೆಯನ್ನು ಕಟ್ಟಿದವರು ಇವರೇ. ಆದರೆ ಅದು ಹುಟ್ಟಿದ್ದು ಯಡ್ತರೆಯಲ್ಲಲ್ಲ, ಕೋಡಿಯ ಒಂದು ಬಲೆ ಶೆಡ್ಡಿನಲ್ಲಿ. ಇಪ್ಪತ್ತು ವರ್ಷದ ಹಿಂದಿನ ಮಾತು. ಯಾರದೋ ಜಾಗದ ತಕರಾರಿಗೆ ಸ್ಥಳ ನೋಡಲು ಹೋಗಿದ್ದ ವಕೀಲರು ಮಳೆ ಹೊಡೆಯಿತೆಂದು ಸಿಕ್ಕಿದ ಶೆಡ್ಡಿನೊಳಗೆ ನುಗ್ಗಿದರು. ಒಳಗೆ ಹರಿದ ಬಲೆಗಳ ರಾಶಿ, ಡೀಸೆಲ್ ವಾಸನೆ, ಮೂಲೆಯಲ್ಲೊಂದು ಚಾಪೆ. ಚಾಪೆಯ ಮೇಲಿದ್ದವನು ಇವರನ್ನು ಕಂಡದ್ದೇ ಗೋಡೆ ಹಿಡಿದು ಎದ್ದ. ಇದ್ದ ಒಂದೇ ಕಾಲನ್ನು ನೆಲಕ್ಕೆ ಊರಿ, "ರಾಮ್ ರಾಮ್ ಸಾಬ್" ಎಂದು ಸೆಲ್ಯೂಟ್ ಹೊಡೆದ.

ಅವನು ಕುಷ್ಟ. ಶ್ರೀಲಂಕೆಯಲ್ಲಿ ಸುಧಾಕರರ ಕೈಕೆಳಗಿದ್ದ ಸಿಪಾಯಿ. ನೆಲಬಾಂಬಿನ ಮೇಲೆ ಕಾಲಿಟ್ಟ ಅವನನ್ನು ಆ ದಿನ ಹೆಗಲ ಮೇಲೆ ಹಾಕಿಕೊಂಡು ಗದ್ದೆ ದಾಟಿಸಿದ್ದವರು ಸುಧಾಕರರೇ. ಬದುಕಿ ಊರಿಗೆ ಬಂದ ಕುಷ್ಟನಿಗೆ ಊರು ಏನು ಮಾಡಿತು? ಮೊದಲ ವಾರ ಹಾರ ಹಾಕಿತು, ಆಮೇಲೆ ಮರೆತಿತು. ಒಂದು ಕಾಲಿನವನು ದೋಣಿಗೆ ಪ್ರಯೋಜನವಿಲ್ಲ, ದಡದಲ್ಲಿ ಬಲೆ ಎಳೆಯಲೂ ಆಗುವುದಿಲ್ಲ. ಅವನ ಪಿಂಚಣಿ ಅಣ್ಣನ ಮನೆಗೆ, ಅವನು ಬಲೆ ಶೆಡ್ಡಿಗೆ. ಪುಣೆಯಲ್ಲಿ ಕೊಟ್ಟ ಕೃತಕ ಕಾಲು ಅಳತೆ ತಪ್ಪಿ, ಬಲೆಗಳ ನಡುವೆ ಮೊಳೆಗೆ ನೇತಾಡುತ್ತಿತ್ತು.

ವಕೀಲರು ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನದಿಂದಲೇ ಓಡಾಟ ಶುರು. ತಮ್ಮ ದುಡಿಮೆಯೆಲ್ಲ ಸುರಿದು ಯಡ್ತರೆಯ ಗುಡ್ಡೆಯ ಕುರುಚಲು ಹಾಡಿಯಲ್ಲಿ ಜಾಗ ಮಾಡಿದರು, ಊರೂರು ತಿರುಗಿ ಕಂಡವರ ಕೈಕಾಲು ಹಿಡಿದರು. ವರ್ಷ ಕಳೆಯುವುದರೊಳಗೆ ಹೆಂಚಿನ ಮಾಡಿನ ಉದ್ದದ ಕಟ್ಟಡ ಎದ್ದಿತು. ಗೇಟು, ಗೇಟಿನೆದುರು ಅಂಗಳ, ಅಂಗಳದ ತುದಿಗೆ ಬಾವುಟದ ಕಂಬ.

ಮೊದಲು ಬಂದವನು ಕುಷ್ಟ. ರಿಕ್ಷಾ ಇಳಿದವನಿಗೆ ಆಸರೆ ಕೊಡಲು ವಕೀಲರು ಕೈ ಚಾಚಿದರೆ ಬೇಡವೆಂದ. ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿನಿಂದ ಹೊರಟ. ನಡುದಾರಿಯಲ್ಲಿ ಬಿದ್ದ, ತಾನೇ ಎದ್ದ, ಕಂಬದ ಬುಡಕ್ಕೆ ಹೋಗಿ ಸೆಲ್ಯೂಟ್ ಹೊಡೆದ. ಸುಧಾಕರರು ಎಲ್ಲರೆದುರು ಅತ್ತುಬಿಟ್ಟರು. ಅಂಗಳದ ಬದಿಯ ಕೋಣೆ ತೋರಿಸಿ, "ಕುಷ್ಟ, ಇದ್ ನಿನ್ನ ಮಂಚ. ಸಾಯೂವರಿಗೂ ಯಾರೂ ನಿನ್ನ ಇಲ್ಲಿಂದ ಎಬ್ಸುದಿಲ್ಲೆ, ನನ್ ಮಾತ್" ಎಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ವಕೀಲರ ಚಾಳಿ ಬಿಡಬೇಕಲ್ಲ! ಅದೇ ವಾರ ಟ್ರಸ್ಟಿನ ಪತ್ರ ಬರೆಯಲು ಕುಳಿತವರು ಅದರಲ್ಲೊಂದು ಕಲಮು ಸೇರಿಸಿದರು: ಈ ಮನೆಯೊಳಗೆ ಬರುವ ಸೈನಿಕನು ಗೇಟಿನಿಂದ ಬಾವುಟದ ಕಂಬದವರೆಗೆ ಯಾರ ಹೆಗಲೂ ಹಿಡಿಯದೆ ತಾನೇ ನಡೆದು ಬರತಕ್ಕದ್ದು.

ಪ್ರಫುಲ್ಲಾ ಅದನ್ನು ಓದಿಸಿ ಕೇಳಿ, "ಇದನ್ನ ಎಂತಕ್ಕೆ ಬರಿತ್ರಿ? ಆಪವ ನಡ್ಕಂಡ್ ಬತ್ತ, ಆಗ್ದಿದ್ದವ ಎಂತ ಮಾಡ್ಕ್?" ಎಂದರು.

"ಬರ್ದಿಡ್ದೆ ಇದ್ದದ್ದ್ ನಿಲ್ಲುದಿಲ್ಲೆ ಮಾರಾಯ್ತಿ. ಇದ್ ಸೈನಿಕರ ಮರ್ಯಾದಿ. ಭಿಕ್ಷೆ ಅಲ್ಲ ಅಂತ ಎಲ್ಲರಿಗೂ ಗೊತ್ತಾಯ್ಕ್."

ತಾನು ಹೊತ್ತು ತಂದು ಉಳಿಸಿದ ಮನುಷ್ಯನನ್ನು ಮುಂದೆ ಇಟ್ಟುಕೊಂಡೇ, ಯಾರನ್ನೂ ಹೊತ್ತು ತರಬಾರದು ಎಂದು ಬರೆದರಲ್ಲ, ಆ ಬುದ್ಧಿಗೆ ಏನೆನ್ನಬೇಕು? ಆದರೆ ಆಗ ಯಾರಿಗೂ ಹಾಗನಿಸಲಿಲ್ಲ. ಹೊಸಬರು ಬಂದಾಗಲೆಲ್ಲ ಒಳಗಿನವರು ಸಾಲಾಗಿ ನಿಲ್ಲುತ್ತಿದ್ದರು. ಬರುವವನು ಎದೆ ಸೆಟೆಸಿ ನಡೆಯುತ್ತಿದ್ದ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದು ತೋರಿಸುತ್ತಿದ್ದರು. ಆಸ್ಪತ್ರೆಗೆ ಹೋಗಿ ಬಂದವರನ್ನು ಹಿಡಿದುಕೊಂಡು ಒಳಗೆ ಕರೆತಂದರೆ ಯಾರೂ ಕಲಮು ತೆಗೆದು ಓದುತ್ತಿರಲಿಲ್ಲ. ವಕೀಲರು ಇದ್ದಷ್ಟು ದಿನ ಅದು ಗೌರವದ ನಡಿಗೆಯಾಗಿತ್ತು, ಕಾನೂನಾಗಿರಲಿಲ್ಲ.

ಎಪ್ಪತ್ತು ತುಂಬಿದವರು ಟ್ರಸ್ಟಿನಲ್ಲಿ ಇರಬಾರದು ಎಂದು ಬರೆದಿಟ್ಟವರೂ ಅವರೇ. ಎಪ್ಪತ್ತಾದ ದಿನ ತಾವೇ ಎದ್ದು ಕುರ್ಚಿ ಬಿಟ್ಟರು. ಆ ಕುರ್ಚಿಯಲ್ಲಿ ಕುಳಿತವರು ಉಲ್ಲಾಸ್. ಮುಂಬಯಿಯಲ್ಲಿ ಹೋಟೆಲು, ಬೈಂದೂರಿನಲ್ಲಿ ಲಾಡ್ಜು. ಕೆಟ್ಟವರೆಂದು ಯಾರೂ ಹೇಳುವಂತಿಲ್ಲ. ಸೈನಿಕರ ಮನೆಗೆ ಊಟದ ಕೋಣೆ ಕಟ್ಟಿಸಿದವರು, ದೇಶ ಅಂದರೆ ಕಣ್ಣಲ್ಲಿ ನೀರು ತರಿಸಿಕೊಳ್ಳುವವರು. ಆದರೆ ಅವರ ದೇಶಭಕ್ತಿಗೆ ಇಸ್ತ್ರಿ ಹಾಕಿದ ಸೈನಿಕನೇ ಬೇಕು. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ಸೈನಿಕ ಅದರಲ್ಲಿ ಕೂರುವುದಿಲ್ಲ. ಅಂಗಳದ ಬದಿಯ ಕೋಣೆಯಲ್ಲಿ ಒಂದು ಗ್ಯಾಲರಿ ಮಾಡಬೇಕು, ವೀರಯೋಧರ ಫೋಟೊ, ಸಮವಸ್ತ್ರ, ಪದಕಗಳನ್ನೆಲ್ಲ ಗಾಜಿನೊಳಗಿಟ್ಟು ಬಂದವರಿಗೆ ತೋರಿಸಬೇಕು ಎಂದು ಅವರಿಗೆ ಆಸೆ. ಆ ಕೋಣೆಯಲ್ಲಿ ಕುಷ್ಟ ಮಲಗಿದ್ದ.

ಈ ವರ್ಷ ಮಳೆಗಾಲದ ಸುರುವಿಗೆ ಕುಷ್ಟನ ಎದೆಗೆ ಕಫ ಕಟ್ಟಿತು. ಬ್ರಹ್ಮಾವರದ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಆದರೆ ಅಲ್ಲೇ ಪಕ್ಷವಾತ ಬಡಿದು ಇದ್ದ ಒಂದು ಕಾಲೂ ಸೋತುಹೋಯಿತು. ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಸುಧಾಕರರೇ ಅವನನ್ನು ಯಡ್ತರೆಗೆ ಕರೆತಂದರು. ಗೇಟು ಹಾಕಿತ್ತು. ಗೇಟಿನ ಒಳಬದಿಯಲ್ಲಿ ಕೊರಗ ನಿಂತಿದ್ದ. ಅವನೂ ಆ ಮನೆಯಲ್ಲೇ ಇರುವವನು, ಕುಷ್ಟನ ವಾರಿಗೆಯ ಸಿಪಾಯಿ, ಇಷ್ಟು ವರ್ಷ ಕುಷ್ಟನನ್ನು ಮೀಯಿಸಿ ತೊಳೆದು ಮಾಡಿದವನು. ಗೇಟು ನೋಡಿಕೊಳ್ಳುವ ಕೆಲಸವೂ ಅವನದೇ.

"ತೆಗಿಯಾ" ಎಂದರು ವಕೀಲರು.

ಕೊರಗ ನೆಲ ನೋಡಿದ. "ಸಾಬ್, ಅಧ್ಯಕ್ಷರ ಆರ್ಡರ್ ಇತ್ತ್. ನಡ್ಕಂಡ್ ಬಂದ್ರೆ ಮಾತ್ರ ಒಳ್ಗೆ ಅಂದಿರ್."

ಸುಧಾಕರರು ಅಲ್ಲೇ ನಿಂತು ಉಲ್ಲಾಸರಿಗೆ ಫೋನು ಮಾಡಿದರು. ಆ ಕಡೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅರೇ ವಕೀಲ್ರೆ, ನಾ ಹೊಸ್ತಾಗಿ ಎಂತ ಮಾಡಿದ್ದೆ? ನೀವೇ ಬರ್ದದ್ದ್ ಅಲ್ದಾ? ಒಳ್ಗೆ ಬಪ್ಪುವ್ರ್ ನಡ್ಕಂಡ್ ಬರ್ಕ್ ಅಂತ."

"ಅದ್ ಹೊಸ್ತಾಗಿ ಸೇರುವರಿಗೆ. ಇವ ಆಸ್ಪತ್ರೆಯಿಂದ ತನ್ನ ಮನಿಗ್ ಬಪ್ಪುವವ."

"ಹಾಂಗಂತ ಬರಿಲಿಲ್ಲೆ ನೀವ್. ಕಾಣಿ, ಒಬ್ರಿಗ್ ಬಿಟ್ರೆ ನಾಳೆ ಹತ್ ಜನ ಹಾಸ್ಗಿ ಹಿಡ್ದವ್ರನ್ನ ತಂದ್ ಗೇಟಿನೆದುರು ಮಲ್ಗಿಸ್ತ್ರ್. ಇದ್ ಸೈನಿಕರ ಮನೆ ಮರಾಯ್ರೆ, ಆಸ್ಪತ್ರೆ ಅಲ್ಲ. ಬಿಲ್ಕುಲ್ ಆಪ್ದಲ್ಲ."

ಮಳೆ ಹೊಯ್ಯುತ್ತಿತ್ತು. ಆಂಬುಲೆನ್ಸಿನ ಹಿಂಬಾಗಿಲು ತೆರೆದೇ ಇತ್ತು. ಕುಷ್ಟ ತಲೆ ಎತ್ತಿ ಗೇಟನ್ನು ನೋಡಿ, ಸೊಟ್ಟಗಾಗಿದ್ದ ಬಾಯಲ್ಲೇ ನಕ್ಕ. "ಸಾಸ್ತಾನದ ಟೋಲ್ ಗೇಟಂಗೆ ಬಿಟ್ರ್ ಸಾಬ್. ನಮ್ಮ್ ಗೇಟಂಗೆ ಬಿಡ್ಲಿಲ್ಲೆ."

ಇಡೀ ಜಿಲ್ಲೆಯಲ್ಲಿ ಬಾಯಿಗೆ ಹೆಸರಾದ ವಕೀಲರು ತಮ್ಮದೇ ಗೇಟಿಗೆ ಬೆನ್ನು ಹಾಕಿದರು. ಆಂಬುಲೆನ್ಸು ತಿರುಗಿಸಿ ಕುಂದಾಪುರದ ತಮ್ಮ ಮನೆಗೆ ಕರೆತಂದರು. ಮೂರು ದಿನದೊಳಗೆ ಕೋರ್ಟಿಗೆ ಹಾಕಿದರು.

ಎದುರು ಪಾರ್ಟಿಗೆ ವಕೀಲೆಯಾಗಿ ನಿಂತವಳು ವಿನಯಾ, ಇವರ ಕೈಕೆಳಗೇ ಕೆಲಸ ಕಲಿತವಳು. ಟ್ರಸ್ಟಿನ ಪತ್ರ ತೆಗೆದು ಆ ಕಲಮನ್ನು ಓದಿದಳು. ಚೆನ್ನಾಗಿಯೇ ಓದಿದಳು, ಓದುವುದನ್ನು ಕಲಿಸಿದವರು ಇವರೇ ತಾನೆ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಇದನ್ನು ಬರೆದವರು ಯಾರು?"

"ನಾನೇ ಸ್ವಾಮಿ" ಎಂದರು ಸುಧಾಕರರು.

"ನಡೆಯಲಾರದವರಿಗೆ ವಿನಾಯಿತಿ ಕೊಡಬೇಕೆಂದು ಎಲ್ಲಿಯಾದರೂ ಬರೆದಿದ್ದೀರಾ?"

"ಇಲ್ಲ ಸ್ವಾಮಿ. ಆದರೆ ಅವನಿಗೆ ನಾನು ಮಾತು ಕೊಟ್ಟಿದ್ದೆ."

"ಮಾತು ಕೊಟ್ಟದ್ದಕ್ಕೆ ಸಾಕ್ಷಿ?"

ಸಾಕ್ಷಿ ಎಂದರೆ ಕುಷ್ಟನೇ. ಅವನನ್ನು ಹೊತ್ತು ತರಬೇಕು. ಪ್ರಕರಣ ಆಗಸ್ಟ್ ಕೊನೆಗೆ ಮುಂದೆ ಹೋಯಿತು. ಹೊರಗೆ ಜಗಲಿಯಲ್ಲಿ ವಿನಯಾ ಹತ್ತಿರ ಬಂದು, "ಸರ್, ಬೇಜಾರ್ ಮಾಡ್ಕಂಬೇಡಿ. ಬಾಯ್ಮಾತಿಗೆ ಕೋರ್ಟಂಗೆ ಬೆಲೆ ಇಲ್ಲೆ ಅಂತ ನೀವೇ ಕಲ್ಸದ್ದ್" ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವರಿಗೆ ಹೆಚ್ಚು ಉರಿಯಿತು. ಗುರುವಿಗೆ ತಿರುಮಂತ್ರ ಎನ್ನುವುದನ್ನು ಕೇಳಿದ್ದರು, ಅನುಭವಿಸಿದ್ದು ಅವತ್ತೇ.

ಮನೆಯ ಚಾವಡಿಯಲ್ಲಿ ಮಂಚ ಹಾಕಿ ಕುಷ್ಟನನ್ನು ಮಲಗಿಸಿದ್ದರು. ಪ್ರಫುಲ್ಲಾ ಕೊಚ್ಚಕ್ಕಿ ಗಂಜಿ ಕುಡಿಸುವರು, ತಲೆ ಬಾಚುವರು. ಆದರೆ ಬಟ್ಟೆ ಬದಲಿಸುವ ಹೊತ್ತಾದರೆ ಕುಷ್ಟ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೆಲಸಕ್ಕೆ ಗಂಡಸೊಬ್ಬನನ್ನು ಗೊತ್ತು ಮಾಡಿದರು. ಅವನು ವಾರ ನಿಲ್ಲಲಿಲ್ಲ. ಒಂದು ದಿನ ಸುಧಾಕರರೇ ಬೋಗುಣಿ, ಬಟ್ಟೆ ಹಿಡಿದು ಬಂದರೆ ಕುಷ್ಟ ಸರಿಯಿದ್ದ ಕೈಯಿಂದ ಅವರ ಮಣಿಕಟ್ಟು ಹಿಡಿದ.

"ಬ್ಯಾಡ ಸಾಬ್. ನೀವ್ ನನ್ನ ಹೊತ್ತದ್ದೇ ಈ ಜನ್ಮಕ್ಕ್ ಸಾಕ್. ಇದನ್ನೂ ಮಾಡ್ರೆ ನಾ ಯಾವ್ ಮುಖ ಇಟ್ಕಂಡ್ ನಿಮ್ಗೆ ಸೆಲ್ಯೂಟ್ ಹೊಡಿಲಿ?"

"ಕೊರಗ ಮಾಡ್ರೆ ಆತ್ತ್, ನಾ ಮಾಡ್ರೆ ಆಪ್ದಲ್ದಾ?"

"ಅವ ನನ್ನಂಗೇ ಸಿಪಾಯಿ. ಬೈಕಂತ ತೊಳಿತ, ನಾನೂ ಬೈತೆ. ಸಮ ಆತ್ತ್."

ವಕೀಲರು ಕೊರಗನಿಗೆ ಫೋನು ಮಾಡಿದರು. "ನಾಲ್ಕ್ ದಿನ ನಮ್ಮನಿಗೆ ಬಂದ್ ಇರಾ. ಇವನಿಗೆ ನಿನ್ನ್ ಕೈಯೇ ಆಯ್ಕ್" ಎಂದರು. "ಕಾಂಬ ಸಾಬ್" ಎಂದ ಕೊರಗ, ಬರುತ್ತೇನೆಂದೂ ಅಲ್ಲ, ಬರುವುದಿಲ್ಲವೆಂದೂ ಅಲ್ಲ. ಒಂದು ವಾರವಾದರೂ ಕೊರಗನ ಸುದ್ದಿಯಿಲ್ಲ. ಮತ್ತೆ ಫೋನು ಮಾಡಿದರೆ ಮತ್ತದೇ, "ಕಾಂಬ ಸಾಬ್." ಸುಧಾಕರರ ಪಿತ್ತ ನೆತ್ತಿಗೇರಿತು. ಉಂಡ ಮನೆಯ ಜಂತಿ ಎಣಿಸುವವರು ಇವರೆಲ್ಲ, ಅಧ್ಯಕ್ಷನ ಒಂದು ಬೆದರಿಕೆಗೆ ಮೂವತ್ತು ವರ್ಷದ ಸ್ನೇಹ ಮರೆತರು ಎಂದು ಕೂಗಾಡಿದರು.

ಕುಷ್ಟ ದಿನದಿಂದ ದಿನಕ್ಕೆ ಇಳಿಯುತ್ತಿದ್ದ. ಎರಡು ಹೊತ್ತಿನ ಗಂಜಿ ಒಂದು ಹೊತ್ತಾಯಿತು. ಒಂದು ಹೊತ್ತಿನದು ಎರಡು ಚಮಚೆಗೆ ಬಂತು. ಡಾಕ್ಟರು ಬಂದು ಹಸಿವಿಗೆ ಔಷಧ ಬರೆದುಕೊಟ್ಟರು. ಅವರು ಹೋದ ಮೇಲೆ ಪ್ರಫುಲ್ಲಾ ಗಂಡನನ್ನು ಅಡುಗೆಮನೆಗೆ ಕರೆದರು.

"ಹ್ವಾಯ್, ನಿಮ್ಗ್ ಇನ್ನೂ ಅರ್ಥ ಆಯ್ಲಿಲ್ಯಾ? ಅವ್ರಿಗ್ ಹಸಿವಿಲ್ದೆ ಅಲ್ಲ. ಉಂಡ್ರೆ ನಾ ತೊಳಿಕಾತ್ತ್ ಅಂದೇಳಿ ಉಂಬ್ದನ್ನೇ ಬಿಟ್ಟಿರ್. ನನ್ನ ಅಕ್ಕ ಅಂತ ಕರೆದ್ ಬಾಯಿ ಅದ್. ಆ ಮನಿಯಂಗೆ ಅವ್ರ ಮಂಚ ಅವ್ರಿಗ್ ಸಿಕ್ದಿದ್ರೆ ನಮ್ಮನಿಯಂಗೆ ಉಪಾಸ ಬಿದ್ದ್ ಸಾಯ್ತ್ರ್. ಹೋಯ್ನಿ, ಆ ಉಲ್ಲಾಸರ ಕಾಲಿಗಾರೂ ಬೀಳಿ."

ಕಾಲಿಗೆ ಬೀಳುವುದು ಸುಬೇದಾರ್ ವಕೀಲರಿಗೆ ಗೊತ್ತಿಲ್ಲದ ವಿದ್ಯೆ. ಆದರೂ ಬೈಂದೂರಿನ ಲಾಡ್ಜಿಗೆ ಹೋದರು. ಉಲ್ಲಾಸ್ ಎದ್ದು ನಿಂತು ಬರಮಾಡಿಕೊಂಡರು, ಎಳನೀರಿನ ಬೊಂಡ ತರಿಸಿದರು. ವಕೀಲರು ಬೊಂಡ ಮುಟ್ಟಲಿಲ್ಲ, ಕೈ ಮುಗಿದರು.

"ಛೇ ಛೇ, ಎಂತ ವಕೀಲ್ರೆ ಇದ್! ನಂಗೂ ಮನ್ಸಿಲ್ದೆ ಅಲ್ಲ" ಎಂದರು ಉಲ್ಲಾಸ್. "ಒಂದ್ ಕೆಲ್ಸ ಮಾಡುವ. ಆಗಸ್ಟ್ ಹದ್ನೈದಕ್ಕೆ ಗ್ಯಾಲರಿ ಓಪನಿಂಗ್. ಅವತ್ತ್ ಕುಷ್ಟನ್ನ ಕರ್ಕಂಡ್ ಬನ್ನಿ, ವೀಲ್‌ಚೇರಂಗೆ ಕೂರ್ಸಿ ಸನ್ಮಾನ ಮಾಡುವ. ಕಮಿಟಿಯವ್ರಿಗೂ ಮನ್ಸ್ ಕರಗ್ತತ್. ಆ ಮೇಲೆ ಹಿಂದಿನ್ ಗೋಡೌನ್ ಬದಿಗೆ ಒಂದ್ ಮಂಚ ಹಾಕಿಸ್ವ."

"ಅಷ್ಟ್ ದಿನ ಅವ ಇಪ್ಪುದಿಲ್ಲೆ ಉಲ್ಲಾಸ್."

"ದೇವ್ರಿದ್ದ ಬಿಡಿ, ಗಟ್ಟಿ ಜೀವ ಅವಂದ್."

ಮನೆಗೆ ಬಂದು ವಕೀಲರು ಈ ಮಾತನ್ನು ಕುಷ್ಟನ ಕಿವಿಯಲ್ಲಿ ಹೇಳಿದರು. ಗೋಡೌನಿನ ವಿಷಯ ಮಾತ್ರ ಹೇಳಲಿಲ್ಲ, ನಿನ್ನ ಹಳೆಯ ಮಂಚವೇ ಸಿಗುತ್ತದೆ ಎಂದರು. "ಕೊರಗ ಬಂದ್ನಾ?" ಎಂದು ಕೇಳಿದ ಕುಷ್ಟ. ಬರುತ್ತಾನೆ ಎಂದರು. ಅದೂ ಸುಳ್ಳು. ಜೀವಮಾನವಿಡೀ ಸಾಕ್ಷಿಗಳ ಸುಳ್ಳು ಹಿಡಿದವರು ಒಂದೇ ಸಂಜೆ ಎರಡು ಸುಳ್ಳು ಹೇಳಿದರು.

ಆಗಸ್ಟ್ ಹದಿನೈದಕ್ಕೆ ಇನ್ನೂ ಐದು ದಿನವಿರುವಾಗ ಕುಷ್ಟ ಸತ್ತ. ಬೆಳಿಗ್ಗೆ ಗಂಜಿ ಹಿಡಿದು ಹೋದ ಪ್ರಫುಲ್ಲಾ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಕೂತುಬಿಟ್ಟರು. ಅವನ ಹಾಸಿಗೆ ಶುಭ್ರವಾಗಿತ್ತು. ತೊಳೆಯುವುದಕ್ಕೆ ಏನೂ ಉಳಿಸಿರಲಿಲ್ಲ.

ಬದುಕಿದ್ದವನಿಗೆ ದಿಕ್ಕಿರಲಿಲ್ಲ, ಸತ್ತವನಿಗೆ ನೆಂಟರು ಹುಟ್ಟಿಕೊಂಡರು. ಕೋಡಿಯಿಂದ ಅಣ್ಣನ ಮಗ ಬಂದ. ಉಲ್ಲಾಸ್ ಬಂದರು, ಅವರ ಹಿಂದೆ ಹೂವಿನ ಗಾಡಿ ಬಂತು. ಕುಷ್ಟನನ್ನು ಸೈನಿಕರ ಮನೆಗೆ ಒಯ್ದು ಅಂತಿಮ ದರ್ಶನಕ್ಕಿಟ್ಟು ಆಮೇಲೆ ಸಂಸ್ಕಾರ ಎಂದು ಅವರವರೇ ಮಾತಾಡಿಕೊಂಡರು. ರಕ್ತಸಂಬಂಧವಿಲ್ಲದ ಸುಧಾಕರರನ್ನು ಯಾರೂ ಕೇಳಲಿಲ್ಲ. ಹೋಗುವಾಗ ಉಲ್ಲಾಸ್, "ಆ ಊರುಗೋಲ್ ಒಂದ್ ಕೊಡಿ ವಕೀಲ್ರೆ, ಗ್ಯಾಲರಿಗೆ ಆತ್ತ್" ಎಂದರು. ಸುಧಾಕರರು ಊರುಗೋಲನ್ನು ಎದೆಗವಚಿಕೊಂಡು, "ನಾನೇ ತತ್ತೆ" ಎಂದರು.

ಯಡ್ತರೆಯಲ್ಲಿ ಗೇಟಿನ ಎರಡೂ ಬಾಗಿಲು ಹಾರು ಹೊಡೆದಿತ್ತು. ಮೈಕು, ಬಾವುಟ, ಟಿ.ವಿ.ಯವರ ಕ್ಯಾಮೆರಾ. ಬಿಳಿ ಬಟ್ಟೆಯ ಆರು ಜನ ಕುಷ್ಟನನ್ನು ಗಾಡಿಯಿಂದ ಇಳಿಸಿ ಹೆಗಲಿಗೇರಿಸಿದರು. ಹೊತ್ತುಕೊಂಡು ಗೇಟಿನೊಳಗೆ ನಡೆಯಬೇಕು ಎನ್ನುವಾಗ ಕಂಡದ್ದು ಸುಬೇದಾರ್ ವಕೀಲರನ್ನು. ಪದಕ ಸಿಕ್ಕಿಸಿದ ಕೋಟು ಹಾಕಿಕೊಂಡು, ಊರುಗೋಲು ತೊಡೆಯ ಮೇಲಿಟ್ಟುಕೊಂಡು, ಗೇಟಿನೆದುರಿನ ಕೆಸರಿನಲ್ಲಿ ಕೂತಿದ್ದರು.

ಉಲ್ಲಾಸ್ ಓಡಿ ಬಂದು ಬಗ್ಗಿದರು. "ವಕೀಲ್ರೆ, ಎಂತ ಇದ್? ಕ್ಯಾಮೆರಾ ಇತ್ತ್. ಏಳಿ, ಒಳ್ಗೆ ಹೋಪ."

"ನಂಗ್ ನಡಿಯುಕಾತಿಲ್ಲೆ. ಹೊತ್ಕಂಡ್ ಹೋಯ್ನಿ."

"ನಿಮ್ಗೆಂತ ಆಯ್ತ್? ಗಟ್ಟಿ ಇದ್ರಿ ಅಲ್ದಾ!"

"ಗಟ್ಟಿ ಇದ್ದವ ನಡ್ಕಂಡ್ ಹೋತ. ಸತ್ತವನ್ನ ನೀವ್ ಹೊತ್ಕಂಡ್ ಹೋತ್ರಿ. ನಡುವೆ ಇಪ್ಪುವನಿಗೆ ಬಾಗ್ಲ್ ಎಲ್ಲಿತ್ತ್, ಹೇಳಿ ಕಾಂಬ."

"ಬರ್ದವ್ರ್ ನೀವ್" ಎಂದರು ಉಲ್ಲಾಸ್, ಹಲ್ಲು ಕಚ್ಚಿ.

"ಹೌದ್. ಬರ್ದವ ನಾನೇ. ಅದ್ಕೇ ಕೆಸ್ರಂಗೆ ಕೂತದ್ದ್."

ಯಾರೂ ಅವರನ್ನು ಹೊರಲಿಲ್ಲ. ಆರು ಜನ ಅವರ ಬದಿಯಿಂದ ಬಳಸಿಕೊಂಡು ಒಳಗೆ ಹೋದರು. ಒಳಗಿದ್ದ ಮುದಿ ಸೈನಿಕರೆಲ್ಲ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಗೇಟಿನಿಂದ ಬಾವುಟದ ಕಂಬದವರೆಗೆ ಕುಷ್ಟ ಅಲುಗಾಡದೆ ಹೋದ. ಮೈಕಿನಲ್ಲಿ ಉಲ್ಲಾಸರ ದನಿ ಗದ್ಗದವಾಗಿ ಕೇಳಿಸಿತು. ಈ ಮನೆ ಕುಷ್ಟನದು, ಈ ಮಣ್ಣು ಅವನನ್ನು ಎಂದೂ ಕೈಬಿಡುವುದಿಲ್ಲ ಎಂದು ಏನೇನೋ.

ಗೇಟಿನ ಗೆರೆಯ ಒಳಗೆ ಕೊರಗ ನಿಂತಿದ್ದ. ಗೆರೆಗೂ ಸುಧಾಕರರಿಗೂ ಎರಡು ಮಾರು ದೂರವಿಲ್ಲ. ಆದರೂ ದಾಟಿ ಬರಲಿಲ್ಲ.

"ನೀ ಎಂತಕ್ಕಾ ಬರ್ಲಿಲ್ಲೆ?" ಎಂದರು ವಕೀಲರು. "ಕಡಿಗೂ ನಿನ್ನೇ ಕೇಳ್ದ ಅವ. ಅಷ್ಟ್ ಹೆದ್ರಿಕ್ಯಾ ನಿಂಗೆ ಆ ಉಲ್ಲಾಸಂದ್?"

ಕೊರಗ ಗೇಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಅದನ್ನು ಹಿಡಿದುಕೊಂಡೇ ನಿಂತಿದ್ದಾನೆ ಎನ್ನುವುದು ಸುಧಾಕರರಿಗೆ ಆಗ ಕಂಡಿತು.

"ಅವ್ರ್ ಹೆದ್ರಿಕೆ ಅಲ್ಲ ಸಾಬ್. ನನ್ನ ಮೊಣಕಾಲ್ ಹೋಗಿ ಸುಮಾರ್ ಸಮಯ ಆಯ್ತ್, ಗೋಡೆ ಹಿಡ್ಕಂಡೇ ಗೇಟಿಗ್ ಬಪ್ಪುದ್. ಯಾರತ್ರವೂ ಹೇಳ್ಲಿಲ್ಲೆ. ಈ ಗೇಟ್ ದಾಟಿ ಹೊರ್ಗ್ ಬಂದ್ರೆ, ತಿರ್ಗಿ ಆ ಕಂಬದ್ವರಿಗೆ ನಡ್ಕಂಡ್ ಹೋಪುಕೆ ನನ್ನತ್ರ ಆಪ್ದಲ್ಲ." ಅವನು ಅಂಗಳದ ಸಾಲಿನ ಕಡೆ ಗಲ್ಲ ಎತ್ತಿ ತೋರಿಸಿದ. "ಅವ್ರೆಲ್ಲರದ್ದೂ ಅದೇ ಕಥೆ. ಎದೆ ನೋವ್ ಇದ್ದವ ಹೇಳ್ತಿಲ್ಲ, ಕಣ್ಣ್ ಕಾಣ್ದವ ಹೇಳ್ತಿಲ್ಲ. ಆಸ್ಪತ್ರಿಗ್ ಹೋರೆ ಮತ್ತ್ ಒಳ್ಗ್ ಬಪ್ಪುಕೆ ಆತ್ತಾ? ಕುಷ್ಟನ್ನ ಕಂಡ್ ಮೇಲೆ ಯಾರೂ ಹೊರ್ಗ್ ಹೆಜ್ಜಿ ಇಡ್ಲಿಲ್ಲೆ."

ಸುಧಾಕರರು ಏಳಲು ನೋಡಿದರು. ಹಟಕ್ಕೆ ಕೂತವರು, ಈಗ ನಿಜವಾಗಿಯೂ ಏಳಲಾಗಲಿಲ್ಲ. ಊರುಗೋಲು ಕೆಸರಿನಲ್ಲಿ ಜಾರಿತು. ಕೊರಗನ ಕಡೆ ಕೈ ಚಾಚಿದರು. ಕೊರಗನ ಒಂದು ಕೈ ಕಂಬಿ ಬಿಟ್ಟು ಗೆರೆಯವರೆಗೆ ಬಂತು, ಮೈ ತೂಗಿತು, ಕೈ ಹಿಂದೆ ಹೋಗಿ ಮತ್ತೆ ಕಂಬಿ ಹಿಡಿಯಿತು.

ಒಳಗಿನಿಂದ ಯಾರೋ ಕೂಗಿದರು. ಭಾಷಣಕ್ಕೆ ರಸ್ತೆಯ ಗಲಾಟೆ ಅಡ್ಡ ಬರುತ್ತದಂತೆ.

"ಸಾಬ್, ಗೇಟ್ ಹಾಕ್ಕ್ ಅಂತಿದ್ರ್" ಎಂದ ಕೊರಗ. "ನೀವ್ ಒಳ್ಗಾ, ಹೊರ್ಗಾ?"

"ಹೊರ್ಗೆ" ಎಂದರು ಸುಬೇದಾರ್ ವಕೀಲರು.

ಕೊರಗ ಸೆಲ್ಯೂಟ್ ಹೊಡೆದು ಗೇಟು ಹಾಕಿದ.